ಶೇವಂತೆವ್ವ ಆಣೆ ಮುರಿದದ್ದು

ತಾಂಬಾ ಊರಲ್ಲಿ ಮನೆ ಕಟ್ಟುವ ಗವಂಡಿ ಮಾಳಿಂಗಪ್ಪನ ಬಲ ಎದೆಯಲ್ಲಿ ಹುಣಸೆ ಬೀಜದಷ್ಟು ಗಂಟಿತ್ತು. ಅದು ಮೊದಲು ಕೈಗೆ ಸಿಕ್ಕಿದ್ದು ಅವನ ಹೆಂಡತಿ ಶೇವಂತೆವ್ವನಿಗೆ, ೧೯೫೮ರ ಬೇಸಿಗೆಯಲ್ಲಿ, ಮೈಗೆ ಎಣ್ಣೆ ತಿಕ್ಕುವಾಗ. ಒತ್ತಿದರೆ ನೋವಿಲ್ಲ, ಜರುಗುವುದೂ ಇಲ್ಲ. ಅವಳ ಅಕ್ಕ ಎದೆಗಂಟಿನಿಂದಲೇ ಸತ್ತಿದ್ದಳು.

"ನಮ್ಮ ಅಕ್ಕಗೂ ಹಿಂಗ ಇತ್ತು. ಡಾಕ್ಟರಗ ತೋರಸ್ರಿ."

"ನಾ ಏನ್ ಹೆಂಗಸೇನ? ಕಲ್ಲು ಬಡದೈತಿ, ಇಳೀತೈತಿ," ಎಂದು ಅವನು ಅಂಗಿ ತೊಟ್ಟುಕೊಂಡ.

ವರ್ಷ ಕಳೆಯುವಷ್ಟರಲ್ಲಿ ಮೊಲೆತೊಟ್ಟು ಒಳಕ್ಕೆ ಸೇದಿಕೊಂಡು, ಅಂಗಿಗೆ ರಕ್ತದ ಕಲೆ ಹತ್ತತೊಡಗಿತು. ಕಾಡಿ ಬೇಡಿ ಇಂಡಿಗೆ ಕರೆದೊಯ್ದಳು. ಅಲ್ಲಿಯ ಡಾಕ್ಟರು ಅಂಗಿ ಪೂರಾ ಬಿಚ್ಚಿಸಲೂ ಇಲ್ಲ. "ನೀ ಹೇಳೂ ರೋಗ ಗಂಡಸರಿಗೆ ಆಗೂದಿಲ್ಲ ತಂಗಿ, ಇದು ಕೊಬ್ಬಿನ ಗಂಟು," ಎಂದು ನಕ್ಕು ಮುಲಾಮು ಕೊಟ್ಟರು. ದಾರಿಯುದ್ದಕ್ಕೂ ಮಾಳಿಂಗಪ್ಪ ಅವಳನ್ನು ಹಂಗಿಸಿದ: "ಕೇಳಿದೇನ? ಡಾಕ್ಟರ ಬಾಯಿಲೇ ಕೇಳಿದೇನ?"

ಕಂಕುಳಲ್ಲಿ ಗಡ್ಡೆ ಎದ್ದು, ಕರಣೆ ಹಿಡಿಯುವ ತೋಳು ಊದಿದ ಮೇಲೆ ಮಿರಜದ ದವಾಖಾನೆಗೆ ಹೋದರು. ಗಂಟಿನ ತುಣುಕು ತೆಗೆದು ಪರೀಕ್ಷಿಸಿದ ಡಾಕ್ಟರು ಕ್ಯಾನ್ಸರ್ ಎಂದರು. ಗಂಡಸರಿಗೆ ಅಪರೂಪ, ಆದರೂ ಬರುತ್ತದೆ; ಮೊದಲೇ ಬಂದಿದ್ದರೆ ಕೊಯ್ದು ತೆಗೆಯಬಹುದಿತ್ತು.

ಹಿಂದಿರುಗುವ ರೈಲಿನಲ್ಲಿ ಮಾಳಿಂಗಪ್ಪ ಅವಳ ಕೈ ಎಳೆದು ತನ್ನ ತಲೆಯ ಮೇಲಿಟ್ಟುಕೊಂಡ. "ಯಾರರೆ ಕೇಳಿದ್ರ ಹೊಟ್ಟಿಬ್ಯಾನಿ ಅನ್ನು. ಹೆಂಗಸರ ರೋಗಕ್ಕ ಸತ್ತ ಅಂತ ಊರು ನಗಬಾರದು. ಆಣಿ ಮಾಡು."

ಮಾಡಿದಳು. ಶ್ರಾವಣದಲ್ಲಿ ಅವನು ಸತ್ತ. ಮನೆಯವರೂ ಹೊಟ್ಟೆಬೇನೆಯೆಂದೇ ನಂಬಿದರು.

ನಾಲ್ಕೈದು ವರ್ಷಗಳ ಮೇಲೆ ಒಂದು ಮುಂಜಾನೆ ಮೈದುನ ಪರಮಾನಂದ ಕಟ್ಟೆಯ ಮೇಲೆ ಕುಳಿತು ಎದೆಗೆ ಸುಣ್ಣ-ಬೆಲ್ಲ ಕಲಸಿ ಹಚ್ಚಿಕೊಳ್ಳುತ್ತಿದ್ದ. ರೊಟ್ಟಿ ಬಡಿಯುತ್ತಿದ್ದ ಶೇವಂತೆವ್ವ ಹಿಟ್ಟಿನ ಕೈಯಲ್ಲೇ ಬಂದು ಮುಟ್ಟಿ ನೋಡಿದಳು; ಅಂಥದೇ ಜರುಗದ ಗಂಟು.

"ನಿಮ್ಮಣ್ಣಗ ಹೊಟ್ಟಿಬ್ಯಾನಿ ಇರಲಿಲ್ಲ, ಇದ ಇತ್ತು. ಇವತ್ತ ಮಿರಜಕ್ಕ ನಡಿ."

ಒಳಗಿನಿಂದ ಅತ್ತೆ ಶೆಟ್ಟೆವ್ವ ಚೀರಿದಳು: "ಸತ್ತ ಮಗನ ಮಾನ ಕಳೀತಿಯೇನ? ನನ್ನ ಮಗಾ ಗಂಡಸಾಗಿ ಹುಟ್ಟಿ ಗಂಡಸಾಗಿ ಸತ್ತಾನ!"

ಪರಮಾನಂದ ಹೆದರಿ ಮಿರಜಕ್ಕೆ ಹೋದ. ಎದೆಯ ಒಂದು ಬದಿ ಕೊಯ್ದು ತೆಗೆದರು, ಬದುಕಿದ. ಸುದ್ದಿ ಹಬ್ಬಿ ಅಣ್ಣತಮ್ಮಂದಿರಿಬ್ಬರೂ ಊರಿನ ನಗೆಗೀಡಾದರು. ಪರಮಾನಂದ ಬಾವಿಗೆ ಈಜಲು ಹೋಗುವುದನ್ನು ಬಿಟ್ಟ, ಅತ್ತಿಗೆಯೊಡನೆ ಮಾತನ್ನೂ ಬಿಟ್ಟ. ಶೆಟ್ಟೆವ್ವ ಸೊಸೆಯ ಕೈಯ ರೊಟ್ಟಿ ಮುಟ್ಟಲಿಲ್ಲ.

ಮುಂದಿನ ಸುಗ್ಗಿಯ ಹೊತ್ತಿಗೆ ಶೇವಂತೆವ್ವ ಎರಡು ಸೀರೆ ಮಡಚಿಕೊಂಡು ಮಸೂತಿ ಎಂಬ ಊರಿನ ತನ್ನ ತವರಿಗೆ ಹೊರಟಳು. ಕಳಿಸಲು ಊರ ಅಗಸಿಬಾಗಿಲವರೆಗೆ ಯಾರೂ ಬರಲಿಲ್ಲ.