ಅರ್ಧ ಗುಡ್ಡಕ್ಕೆ ನೀರು ಕೊಟ್ಟ ಇಂಜಿನ್

ಹಳ್ಳದ ದಂಡೆಯಲ್ಲಿ, ತಗಡಿನ ಮಾಡಿನ ಕೆಳಗೆ ನಮ್ಮ ಎರಡನೇ ಟ್ರ್ಯಾಕ್ಟರ್ ಇದೆ. ಓಡಿಸಲೆಂದು ತಂದದ್ದಲ್ಲ. ಮನೆಯ ಟ್ರ್ಯಾಕ್ಟರಿಗೆ ಬಿಡಿಭಾಗ ಬೇಕಾದಾಗ ಬಿಚ್ಚಿಕೊಳ್ಳಲೆಂದು ನನ್ನ ಯಜಮಾನರು ನರಸಿಂಹರಾಜಪುರದ ಕಡೆಯಿಂದ ಅದೇ ಜಾತಿಯ ಹಳೆಯದೊಂದನ್ನು ಎಳೆಸಿಕೊಂಡು ಬಂದಿದ್ದರು. ಬರಬರುತ್ತ ಅದರ ಮೈಯಿಂದ ಒಂದೊಂದೇ ಹೋಯಿತು. ಮುಂದಿನ ಚಕ್ರ, ಸೀಟು, ದೀಪ, ಕೊನೆಗೆ ರೇಡಿಯೇಟರ್ ಮತ್ತು ಸ್ಟಾರ್ಟರ್. ಇಂಜಿನ್ ಮಾತ್ರ ಕಲ್ಲಿನ ಆಸರೆಯಲ್ಲಿ ಕೂತೇ ಉಳಿಯಿತು. ಆಯುಧಪೂಜೆಯ ದಿನ ಅದಕ್ಕೂ ಒಂದು ಚೆಂಡುಹೂವಿನ ಮಾಲೆ ಹಾಕುತ್ತಿದ್ದೆ. ಸೈಲೆನ್ಸರಿಗೆ ಮಳೆನೀರು ಇಳಿಯದಂತೆ ಅಡಿಕೆ ಹಾಳೆಯ ಟೊಪ್ಪಿ ಕಟ್ಟುತ್ತಿದ್ದವಳೂ ನಾನೇ.

ಈ ಸಲ ಕಾಫಿಗಿಡದಲ್ಲಿ ಮೊಗ್ಗು ತುಂಬಿ ನಿಂತ ಹೊತ್ತಿಗೇ ಮನೆಯ ಟ್ರ್ಯಾಕ್ಟರ್ ಕೈಕೊಟ್ಟು ಕೊಪ್ಪದ ವರ್ಕ್‌ಶಾಪ್ ಸೇರಿತು. ಹಳ್ಳದ ಪಂಪಿಗೆ ಬೆಲ್ಟು ಹಾಕಿ ನೀರೆತ್ತುತ್ತಿದ್ದುದು ಅದೇ. ಅಲ್ಲಿಗೆ ಕರೆಂಟಿಲ್ಲ. ಮೊಗ್ಗು ಅರಳಿಸುವ ಹೂಮಳೆಯೆಂದು ಬಂದದ್ದು ಧೂಳು ಅಡಗುವಷ್ಟು. ಅಷ್ಟು ಹನಿ ಬಿದ್ದ ಮೇಲೆ ಬೆನ್ನಿಗೇ ನೀರು ಸಿಗದಿದ್ದರೆ ಮೊಗ್ಗು ಅರಳದೆ ಕರಟಿಹೋಗುತ್ತದೆ. ವರ್ಷದ ಫಸಲು ಅಲ್ಲಿಗೇ ಮುಗಿದ ಹಾಗೆ.

ಕೊಪ್ಪದ ಮೆಕ್ಯಾನಿಕ್ ಫೋನಿನಲ್ಲಿ ಹೇಳಿದ, "ನಿಮ್ಮ ಟ್ರ್ಯಾಕ್ಟರಿನ ರೇಡಿಯೇಟರ್, ಸ್ಟಾರ್ಟರ್ ಇಲ್ಲೇ ಬಿಚ್ಚಿಟ್ಟಿದ್ದೀನಿ ಅಣ್ಣಾ. ತಂದು ಆ ಮುದುಕಂಗೇ ಹಾಕುವ. ತಿರುಗಿದ್ರೆ ಪುಣ್ಯ."

ತಂದು ಹಾಕಿದ. ತಿರುಗಲಿಲ್ಲ. ಒಳಗೆಲ್ಲ ತುಕ್ಕು ಹಿಡಿದು ಜಾಮ್ ಆಗಿತ್ತು.

"ಅಕ್ಕಾ, ಮಾಲೆ ಹಾಕೋ ಬದ್ಲು ವರ್ಷಕ್ಕೊಂದು ಸಲ ತಿರುಗಿಸಿದ್ರೆ ಸಾಕಿತ್ತು," ಎಂದ ಮೆಕ್ಯಾನಿಕ್.

"ಮಾಲೆ ಕಟ್ಟಲಿಕ್ಕೆ ಬರ್ತದೆ. ತಿರುಗಿಸ್ಲಿಕ್ಕೆ ಯಾರು ಹೇಳಿಕೊಟ್ರು ಮಾರಾಯ?"

ಅವನು ಡೀಸೆಲ್ಲಿಗೆ ಎಣ್ಣೆ ಬೆರೆಸಿ ಒಳಗೆ ಸುರಿದು, ನೆನೆಯಲಿ ಎಂದು ಹೋದ. ಇವರು ಬೆಳಿಗ್ಗೆ ಸಂಜೆ ಇಂಜಿನ್ ಮೀಟಿ ತಿರುಗಿಸಲು ಹಾರೆ ಹಿಡಿದು ಇಳಿಯುತ್ತಿದ್ದರು. ಹತ್ತಿ ಬರುವಾಗಿನ ಚಪ್ಪಲಿಯ ಸದ್ದಿನಲ್ಲೇ ಆಗಲಿಲ್ಲ ಎಂದು ತಿಳಿಯುತ್ತಿತ್ತು. ನಾನು ಕೇಳುತ್ತಿರಲಿಲ್ಲ, ತಟ್ಟೆ ಇಡುತ್ತಿದ್ದೆ. ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಕಪ್ಪು ಮೆತ್ತಿದ ಹೆಬ್ಬೆರಳು ತೋರಿಸಿ, "ಇಷ್ಟು ಅಲುಗಿತು" ಎಂದರು. ನನಗೆ ಖುಷಿಪಡುವಷ್ಟೂ ತ್ರಾಣವಿರಲಿಲ್ಲ. ಹಾಲು ಉಕ್ಕುವುದರಲ್ಲಿತ್ತು.

ಮರುದಿನ ಮೆಕ್ಯಾನಿಕ್ ಮತ್ತೆ ಬಂದ. ಡೀಸೆಲ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯಲು ಇನ್ನೊಂದು ಕೈ ಬೇಕಾಗಿ ನನ್ನನ್ನೂ ಕರೆದರು. ಒಂದು ಸಣ್ಣ ಹಿಡಿಕೆಯನ್ನು ಹೆಬ್ಬೆರಳಲ್ಲಿ ಒತ್ತುತ್ತಿರಬೇಕು. ಸಡಿಲಿಸಿದ ಸ್ಕ್ರೂವಿನ ಬಾಯಲ್ಲಿ ನೊರೆ ನಿಂತು ಬರೀ ಡೀಸೆಲ್ ಬಂದಾಗ ಹೇಳಬೇಕು. ಗಂಜಿ ಬಸಿಯುವಾಗಿನಂಥ ನೊರೆ ಬಹಳ ಹೊತ್ತು ಬಂತು.

"ನಿಂತಿತು" ಎಂದೆ.

"ಎಂತ? ಸ್ವಲ್ಪ ಗಂಟಲು ಬಿಚ್ಚು ಮಾರಾಯ್ತಿ," ಎಂದರು ಇವರು.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಪಕ್ಕದ ಬೆಂಚಿಗೆ ಕೇಳದ ಹಾಗೆ ಮಾತಾಡುವುದನ್ನು ಕಲಿಸಿದ್ದರು. ಅದು ಇಷ್ಟು ವರ್ಷವಾದರೂ ಹೋಗಿಲ್ಲ.

ಜೀಪಿನ ಬ್ಯಾಟರಿಯಿಂದ ವೈರ್ ಎಳೆದು ಕೊಟ್ಟಾಗ ಇಂಜಿನ್ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು. ಆಮೇಲೆ ಸೈಲೆನ್ಸರಿನಿಂದ ಕರಿಹೊಗೆಯ ಜೊತೆ ಕಣಜದ ಹುಳುವಿನ ಮಣ್ಣುಗೂಡು ಚೂರುಚೂರಾಗಿ ಹಾರಿ ನನ್ನ ತಲೆಯ ಮೇಲೆ ಬಿತ್ತು. ಹಾಳೆ ಕಟ್ಟಿದ್ದರೂ ಅಡಿಯ ಸಂದಿಯಿಂದ ಹೊಕ್ಕಿರಬೇಕು. ಇಂಜಿನ್ ಓಡುತ್ತಲೇ ಇತ್ತು. "ಬಂತಲ್ಲ," ಎಂದು ಮೆಕ್ಯಾನಿಕ್ ಕೈ ಒರೆಸಿಕೊಂಡು, ಪಂಪಿನ ಬೆಲ್ಟು ಹಾಕಿಕೊಟ್ಟು ಹೋದ.

ಬಿಸಿ ಎಷ್ಟಾಯಿತೆಂದು ತೋರಿಸುವ ಮುಳ್ಳು ಅದರಲ್ಲಿ ಇರಲಿಲ್ಲ. ಅದೂ ಯಾವಾಗಲೋ ಬಿಚ್ಚಿಹೋಗಿತ್ತು. ಯಾರಾದರೂ ಹತ್ತಿರ ಕೂತು ರೇಡಿಯೇಟರ್ ಮುಟ್ಟಿ ನೋಡುತ್ತಿರಬೇಕು. ನಾನು ಕೊಡಪಾನದಲ್ಲಿ ನೀರಿಟ್ಟುಕೊಂಡು ಕೂತೆ. ಇವರು ಗಿಡಗಳಿಗೆ ನೀರು ಚಿಮ್ಮಿಸುವ ಜೆಟ್ ಇಡಲು ಗುಡ್ಡ ಹತ್ತಿದರು. ಮೇಲಿನ ನೆಲ ಬೇಗ ಒಣಗುವುದರಿಂದ ಮೊದಲು ಅಲ್ಲಿಗೇ ಕೊಡುವುದೆಂದಾಗಿತ್ತು. ಈ ಗಲಾಟೆಯಲ್ಲಿ ಕೂಗಿದರೆ ಕೇಳಿಸದು. ಇವರು ಮೇಲಿಂದ ಟವೆಲ್ ಬೀಸಿದರೆ ನೀರು ಸಾಲದೆಂದು ತಿಳಿದು ವೇಗ ಏರಿಸಬೇಕು.

ಟವೆಲ್ ಬೀಸಿತು. ಏರಿಸಿದೆ. ಮತ್ತೆ ಬೀಸಿತು. ಮತ್ತೂ ಏರಿಸಿದೆ. ರೇಡಿಯೇಟರಿನ ಮೇಲೆ ಕೈ ಇಡಲಾಗಲಿಲ್ಲ. ನೀರಾರಿದ ಕುಕ್ಕರಿನಂಥ ವಾಸನೆ ಬಂತು. ನಾನು ವೇಗ ಇಳಿಸಿದೆ. ಮೇಲೆ ಟವೆಲ್ ಬೀಸುತ್ತಲೇ ಇತ್ತು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತ ಕೂತೆ. ಬಹಳ ಹೊತ್ತಿನ ಮೇಲೆ ಬೀಸುವುದು ನಿಂತಿತು.

ಇವರು ಇಳಿದು ಬಂದರು. ನನ್ನ ಹತ್ತಿರ ಬಗ್ಗಿ, "ಟವೆಲ್ ಕಾಣ್ಲಿಲ್ವಾ? ಮೇಲೆ ಜೆಟ್ ತಿರುಗೋದೇ ಇಲ್ಲ," ಎಂದರು.

"ಕಂಡಿತು. ಇಂಜಿನ್ ಕಾದು ಹೋಗಿತ್ತು. ಇನ್ನೂ ಏರಿಸಿದ್ರೆ ಕೆಳಗಿನ ಗಿಡಕ್ಕೂ ನೀರು ಸಿಗ್ತಿರಲಿಲ್ಲ." ಈ ಸಲ ಗಂಟಲು ಬಿಚ್ಚಿಯೇ ಹೇಳಿದೆ.

ರೇಡಿಯೇಟರಿಗೆ ಬೆರಳು ತಾಗಿಸಿ ಥಟ್ಟನೆ ಹಿಂದೆಗೆದರು. ಕಲ್ಲಿನ ಮೇಲೆ ಕೂತು ಚಪ್ಪಲಿಯೊಳಗಿನ ಮಣ್ಣು ಕೊಡವಿದರು. "ಹಂಗಾದ್ರೆ ಜೆಟ್ ನಡುವಿಂದ ಕೆಳಗೆ ಹಾಕ್ತೀನಿ," ಎಂದು ಎದ್ದು ಹೋದರು.

ಹೂವು ಅರಳಿದಾಗ ಹಳ್ಳದಿಂದ ಗುಡ್ಡದ ನಡುವಿನವರೆಗೆ ಬೆಳ್ಳಗಾಯಿತು. ಅಲ್ಲಿಂದ ಮೇಲೆ, ಗೆರೆ ಎಳೆದ ಹಾಗೆ, ಕಂದು. ಅಡುಗೆಮನೆಯ ಕಿಟಕಿಯಿಂದ ಎರಡೂ ಕಾಣುತ್ತವೆ. ಘಮ ಮಾತ್ರ ಒಳಗೆಲ್ಲ ತುಂಬಿತ್ತು.

ಮನೆಯ ಟ್ರ್ಯಾಕ್ಟರ್ ರಿಪೇರಿಯಾಗಿದೆ, ರೇಡಿಯೇಟರ್ ಸ್ಟಾರ್ಟರ್ ವಾಪಸ್ ಬೇಕು ಎಂದು ಮೆಕ್ಯಾನಿಕ್ ಬಂದ. ಗುಡ್ಡ ನೋಡಿ, "ಮೇಲಿಂದು ಹೋಯ್ತಾ ಅಣ್ಣಾ?" ಎಂದ.

"ಹೋಯ್ತು. ಕೆಳಗಿಂದು ಉಳೀತು," ಎಂದರು ಇವರು.

ಅವನು ಸ್ಪ್ಯಾನರ್ ತೆಗೆದು ಬಿಚ್ಚತೊಡಗಿದ. ನಾನು ಸೈಲೆನ್ಸರಿಗೆ ಹೊಸ ಹಾಳೆ ಮುಚ್ಚಿ, ಅಡಿಯ ಸಂದಿಗೆ ಹಳೆ ಬಟ್ಟೆ ತುರುಕಿ ಬಿಗಿಯಾಗಿ ಕಟ್ಟಿದೆ.

"ವರ್ಷಕ್ಕೊಂದು ಸಲ ಕೈಯಲ್ಲಿ ತಿರುಗಿಸ್ಬೇಕು, ಮರೀಬಾರ್ದು," ಎಂದರು ಇವರು, ಯಾರಿಗೆಂದು ಹೇಳದೆ.

"ಮಾಲೆ ಹಾಕೋ ದಿನ ನೆನಪು ಮಾಡ್ತೀನಿ," ಎಂದೆ.