ಅತ್ತಿಗೆಯ ಒಂದು ಹಿಡಿ ಸೋಪುಪುಡಿ

ಬಂದರಿನಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಬೋಟುಗಳ ಇಂಜಿನ್ ರಿಪೇರಿ ಮಾಡುವ ಮೇಸ್ತ್ರಿ ಅವಳ ಮೈದುನ. ಅವನು ಬಾಯಿ ತುಂಬ ‘ಅತ್ತಿಗೆ’ ಎನ್ನುತ್ತಿದ್ದ. ಅದನ್ನು ಕೇಳಿ ಕೇಳಿ ಮೀನು ಮಾರುವವರು, ಐಸ್ ಒಡೆಯುವವರು, ಕೊನೆಗೆ ಅವಳಿಗಿಂತ ಹಿರಿಯರಾದ ಬೋಟಿನ ಯಜಮಾನರೂ ಅತ್ತಿಗೆ ಎಂದೇ ಕರೆಯತೊಡಗಿದರು. ಊರಿಗೆಲ್ಲ ಅತ್ತಿಗೆಯಾಗುವುದು ಸುಲಭವಲ್ಲ ಸ್ವಾಮಿ. ಬೈಯುವ ಗಂಟಲಿರಬೇಕು, ಬೈಸಿಕೊಂಡವರು ಮರುದಿನ ನಗುತ್ತ ಬಂದು ನಿಲ್ಲಬೇಕು. ಅವಳಿಗೆ ಎರಡೂ ಒಲಿದಿದ್ದವು.

ಅವಳ ಅಡುಗೆಮನೆಯನ್ನು ನೀವು ನೋಡಬೇಕಿತ್ತು. ಬಾಣಲೆಯ ತಳದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು, ಹಾಗೆ ಇಟ್ಟಿದ್ದಳು. ಗಂಡ ಬಲೆ ಹೆಣೆಯುವವನು, ಮಾತು ಕಡಿಮೆ. ಹೊಸ್ತಿಲಲ್ಲಿ ಕಾಲು ಒರೆಸಿಕೊಳ್ಳುವುದರಲ್ಲೇ ಅವನ ಅರ್ಧ ಆಯಸ್ಸು ಸವೆದಿತ್ತು. ಮೈದುನನಿಗೆ ಮೀಸೆ ಮೂಡುವ ಮೊದಲೇ ಆ ಮನೆಗೆ ಬಂದವಳು ಅವಳು. ಕೈ ತೊಳೆಸಿ, ಉಣ್ಣಿಸಿ ಬೆಳೆಸಿದಳು. ಈಗ ಅವನಿಗೆ ಸ್ವಂತ ವರ್ಕ್‌ಶಾಪು, ಅದರ ಮೇಲೊಂದು ಕೋಣೆ ಇದ್ದರೂ ಮಧ್ಯಾಹ್ನದ ಊಟಕ್ಕೆ ಅವಳ ಮನೆಯೇ ಆಗಬೇಕು. ಖಾಲಿಯಾದ ತಟ್ಟೆಯನ್ನು ಮಾತಿಲ್ಲದೆ ಅವಳ ಮುಂದೆ ಚಾಚುವುದು ಅವನ ಚಾಳಿ. ಬಾಯಿ ಸತ್ತುಹೋಗಿದೆಯಾ ಎಂದು ಬೈಯುತ್ತಲೇ ಅವಳು ಇನ್ನೊಂದು ಸೌಟು ಹಾಕುತ್ತಿದ್ದಳು.

ಇಂಥವಳ ಕಣ್ಣಿಗೆ ಕಡಲತೀರದ ಕಸ ಬೀಳದೆ ಇದ್ದೀತೇ? ಒಂದು ಭಾನುವಾರ ಗೋಣಿಚೀಲ ಹಿಡಿದು ಒಬ್ಬಳೇ ಹೊರಟಳು. ಸಮುದ್ರಕ್ಕೇ ಪೊರಕೆ ಹಿಡಿದಳಪ್ಪಾ ಎಂದು ಜನ ನಕ್ಕರು. ನಕ್ಕವರ ಕೈಗೇ ಅವಳು ಚೀಲ ಕೊಟ್ಟಳು. ನೋಡುನೋಡುತ್ತ ಭಾನುವಾರ ಬೆಳಿಗ್ಗೆ ಅರ್ಧ ಬಂದರು ದಡದಲ್ಲಿ ಬಗ್ಗಿ ಕಸ ಹೆಕ್ಕತೊಡಗಿತು. ಬೋಟಿನವರು ಬಾಟಲಿ, ಹರಿದ ಬಲೆಗಳನ್ನು ನೀರಿಗೆಸೆಯದೆ ದಡಕ್ಕೆ ತರುವುದನ್ನು ಕಲಿತರು. ಆ ಧೈರ್ಯದ ಮೇಲೆ ಅವಳು ನಾಲ್ಕಾರು ಹೆಂಗಸರನ್ನು ಸೇರಿಸಿಕೊಂಡು, ಬಂದರಿಗೆ ಹೊಂದಿಕೊಂಡ ಅಳಿವೆಯ ನೀರಿನಲ್ಲಿ ಮರದ ಚೌಕಟ್ಟು ನಿಲ್ಲಿಸಿ, ಹಗ್ಗ ಇಳಿಬಿಟ್ಟು, ಅದರ ಮೇಲೆ ತಿನ್ನುವ ಚಿಪ್ಪುಮೀನು ಬೆಳೆಸಲು ಶುರುಮಾಡಿದಳು. ಚಿಪ್ಪು ಸುತ್ತಲಿನ ನೀರನ್ನೇ ಸೋಸಿ ಕುಡಿದು ಬೆಳೆಯುವ ಜೀವ. ನೀರು ಚೆನ್ನಾಗಿದ್ದರೆ ಅದಕ್ಕೂ ರುಚಿ, ಕೆಟ್ಟರೆ ಅದೂ ಕೆಟ್ಟ ಹಾಗೆ. ಮೊದಲ ವರ್ಷದ ಫಸಲನ್ನು ಪೇಟೆಯ ಹೋಟೆಲಿನವನು ಬೆರಳು ಚೀಪಿಕೊಂಡು ಒಯ್ದ.

ಒಂದೇ ಒಂದು ಕಿರಿಕಿರಿ ಉಳಿದಿತ್ತು. ಇಂಜಿನ್ನಿನ ಎಣ್ಣೆ ಸೋರಿ, ಬೋಟಿನ ತಳದಲ್ಲಿ ನಿಂತ ನೀರಿಗೆ ಸೇರುತ್ತದೆ. ಅದನ್ನು ಹೊರಗೆ ಚೆಲ್ಲಿದಾಗೆಲ್ಲ ಬಂದರಿನ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಹರಡುತ್ತಿತ್ತು. ಅದನ್ನು ಕಂಡರೆ ಅತ್ತಿಗೆಗೆ ಮೈಯೆಲ್ಲ ಉರಿ. ಇಷ್ಟು ವರ್ಷ ನನ್ನ ಕೈಯಲ್ಲಿ ಉಂಡೂ ಜಿಡ್ಡು ತೆಗೆಯುವುದು ಕಲಿಯಲಿಲ್ಲವಲ್ಲ ಎಂದು ಮೈದುನನನ್ನು ತರಾಟೆಗೆ ತೆಗೆದುಕೊಂಡು, ಚೆಲ್ಲುವ ಮೊದಲು ಒಂದು ಹಿಡಿ ಸೋಪುಪುಡಿ ಹಾಕಿ ಕಲಕಲು ಹೇಳಿದಳು. ಬಾಣಲೆಗೆ ಆದದ್ದು ಬೋಟಿಗೂ ಆಗಲೇಬೇಕಲ್ಲ! ಅತ್ತಿಗೆಯ ಮಾತು ಅವನಿಗೆ ವೇದವಾಕ್ಯ. ಹಾಕಿದ, ಕಲಕಿದ, ಚೆಲ್ಲಿದ, ಪೊರೆ ಮಂಗಮಾಯ. ಮೇಸ್ತ್ರಿಯನ್ನು ನೋಡಿ ಉಳಿದ ಬೋಟಿನವರೂ ಹಾಗೇ ಮಾಡಿದರು. ಬಂದರಿನ ನೀರು ಫಳಫಳ ಹೊಳೆಯಿತು. ಆಗ ಅತ್ತಿಗೆಗೆ ಒಂದೆರಡು ಕೊಂಬು ಮೂಡಿದ್ದೂ ನಿಜ, ಸುಳ್ಳು ಯಾಕೆ ಹೇಳಲಿ.

ಮುಂದಿನ ಫಸಲಿನಲ್ಲಿ ಅದೇ ಹೋಟೆಲಿನವನು ಮೂಟೆಯನ್ನು ವಾಪಸು ತಂದು ಜಗಲಿಯ ಮೇಲೆ ಕುಕ್ಕಿದ. ಒಂದು ಚಿಪ್ಪು ಬಿಡಿಸಿ ಅವಳ ಮೂಗಿಗೆ ಹಿಡಿದ. ಡೀಸೆಲ್ ವಾಸನೆ. ಅತ್ತಿಗೆ ನಂಬಲಿಲ್ಲ, ಬೇಯಿಸಿ ಬಾಯಿಗಿಟ್ಟುಕೊಂಡಳು, ಹಿತ್ತಿಲಿಗೆ ಓಡಿ ಉಗಿದಳು. ಜೊತೆಯ ಹೆಂಗಸರ ಮುಖ ಬಾಡಿತು. ಇನ್ನೊಂದು ಫಸಲು ನೋಡುತ್ತೇವೆ, ಆಗಲೂ ಹೀಗೇ ಆದರೆ ಹಗ್ಗ ಬಿಚ್ಚಿ ಮನೆಗೆ ಹೋಗುತ್ತೇವೆ ಎಂದು ಅವರು ಖಡಾಖಂಡಿತವಾಗಿ ಹೇಳಿದರು.

ಅತ್ತಿಗೆ ಪೇಟೆಯ ಚರಂಡಿಯನ್ನು ಬೈದಳು, ಪೆಟ್ರೋಲ್ ಬಂಕನ್ನು ಬೈದಳು, ಅಳಿವೆಯ ಉದ್ದಕ್ಕೂ ನಡೆದು ಮೂಸಿ ನೋಡಿದಳು. ಏನೂ ಸಿಗಲಿಲ್ಲ. ಸೋತು ಬಂದರಿನ ಕಟ್ಟೆಯ ಮೇಲೆ ಕುಳಿತಿದ್ದಾಗ, ಎದುರಿನ ಬೋಟಿನಲ್ಲಿ ಮೈದುನ ತಳದ ನೀರಿಗೆ ಸೋಪುಪುಡಿ ಹಾಕಿ ಕಲಕಿ ಚೆಲ್ಲಿದ. ನೀರು ಒಂದು ಗಳಿಗೆ ಬೆಳ್ಳಗಾಗಿ ಮತ್ತೆ ತಿಳಿಯಾಯಿತು.

“ಅಲ್ಲ ಕಣೋ, ಮೇಲೆ ಇಲ್ಲ ಅಂದ್ರೆ ಎಣ್ಣೆ ಎಲ್ಲಿಗೆ ಹೋಯ್ತು?” ಎಂದಳು ಅತ್ತಿಗೆ.

“ಮಾಯ ಆಗುತ್ತೆ ಅಂತ ನೀವೇ ಹೇಳಿದ್ದಲ್ವಾ ಅತ್ತಿಗೆ?”

ಅವಳಿಗೆ ಗರ ಬಡಿದಂತಾಯಿತು. ಅದೇ ಬೋಟಿನಿಂದ ಎರಡು ಬಕೆಟ್ ತಳದ ನೀರು ತರಿಸಿ, ಒಂದಕ್ಕೆ ಮಾತ್ರ ಸೋಪುಪುಡಿ ಹಾಕಿ ಹಿತ್ತಿಲಲ್ಲಿಟ್ಟಳು. ಬೆಳಗಾಗುವಷ್ಟರಲ್ಲಿ ಸೋಪಿಲ್ಲದ ಬಕೆಟ್ಟಿನಲ್ಲಿ ಎಣ್ಣೆಯೆಲ್ಲ ಮೇಲೆ ಬಂದು ಕೂತಿತ್ತು, ಬಟ್ಟೆ ಅದ್ದಿ ತೆಗೆಯುವ ಹಾಗೆ. ಇನ್ನೊಂದರಲ್ಲಿ ಮೇಲಿನಿಂದ ತಳದವರೆಗೂ ಹಾಲಿನಂಥ ನೀರು. ಎಣ್ಣೆ ಅದರೊಳಗೆಲ್ಲ ಬೆರೆತುಹೋಗಿತ್ತು. ಅವಳ ಬಾಣಲೆಯ ಜಿಡ್ಡು ಕೂಡ ಎಂದೂ ಮಾಯವಾಗಿರಲಿಲ್ಲ, ಮೋರಿಗೆ ಹೋಗಿತ್ತು ಅಷ್ಟೇ. ಮೋರಿಯ ಆಚೆ ಅವಳು ಇಣುಕಿ ನೋಡಿದವಳಲ್ಲ.

ಬಕೆಟ್ಟುಗಳನ್ನು ಮೈದುನನೂ ನೋಡಿದ, ನೆಟ್ಟಗೆ ವರ್ಕ್‌ಶಾಪಿಗೆ ಹೊರಟುಹೋದ. ಅಂದು ಮಧ್ಯಾಹ್ನ ಅವನು ಊಟಕ್ಕೆ ಬರಲಿಲ್ಲ, ಮರುದಿನವೂ ಇಲ್ಲ. ಇದು ಮೇಸ್ತ್ರಿ ಕಲಿಸಿದ ವಿದ್ಯೆ, ಹೆಂಗಸರ ಅನ್ನಕ್ಕೆ ಮಣ್ಣು ಹಾಕಿದ ಎಂದು ಬಂದರಿನಲ್ಲಿ ಬಕೆಟ್ಟಿನ ಸುದ್ದಿ ಹರಡಿ ಆಗಲೇ ಗುಸುಗುಸು ಎದ್ದಿತ್ತು. ಗಂಡನ ಕೈಯಲ್ಲಿ ಊಟ ಕಳಿಸಿದರೆ ಡಬ್ಬಿ ಹಾಗೇ ವಾಪಸು ಬಂತು, ಹಸಿವಿಲ್ಲವಂತೆ. ಚಿಪ್ಪು ಕೆಟ್ಟಾಗ ಅಳದ ಅತ್ತಿಗೆ ಆ ಡಬ್ಬಿಯನ್ನು ಎದುರಿಗಿಟ್ಟುಕೊಂಡು ಅತ್ತಳು. ಅತ್ತು ಮುಗಿಸಿ, ಮುಖ ತೊಳೆದು, ಎರಡೂ ಬಕೆಟ್ ಎತ್ತಿಕೊಂಡು ಬಲೆ ಹೆಣೆಯುವ ಶೆಡ್ಡಿಗೆ ನಡೆದಳು, ಎಲ್ಲರನ್ನೂ ಕರೆಸಿದಳು.

“ಮೇಸ್ತ್ರೀನ ಯಾರೂ ಏನೂ ಅನ್ನಬೇಡಿ. ಸೋಪುಪುಡಿ ಹಾಕು ಅಂದವಳು ನಾನು. ನನ್ನ ಮಾತು ಮೀರಲಿಲ್ಲ, ಅದೊಂದೇ ಅವನು ಮಾಡಿದ ತಪ್ಪು,” ಎಂದಳು. ಆಮೇಲೆ ಬಕೆಟ್ ತೋರಿಸಿ, ಇವತ್ತಿನಿಂದ ಸೋಪು ಬಂದ್, ತಳದ ನೀರು ಒಂದು ಹನಿಯೂ ಬಂದರಿಗೆ ಬೀಳಕೂಡದು ಎಂದು ಅಪ್ಪಣೆ ಮಾಡಿದಳು. ತಪ್ಪೊಪ್ಪಿಕೊಂಡವಳ ದನಿ ಅದಲ್ಲ, ಯಥಾಪ್ರಕಾರ ಬೈಯುವ ಅತ್ತಿಗೆಯದೇ.

ದೊಡ್ಡ ಬೋಟಿನ ಯಜಮಾನ ಗಂಟಲು ಸರಿಮಾಡಿಕೊಂಡ. “ಅಲ್ಲ ಅತ್ತಿಗೆ, ಸೋಪು ಬಿಟ್ಟು ಎಲ್ಲೋ ಒಂಚೂರು ಸೋರಿದ್ರೂ ನೀರಿನ ಮೇಲೆ ಎದ್ದು ಕಾಣುತ್ತೆ. ನೋಡಿದವರು ನಮ್ಮ ಮುಖಕ್ಕೆ ಉಗೀತಾರೆ.”

“ಉಗೀಲಿ. ಕಂಡ್ರೆ ತಾನೇ ಯಾರ ಬೋಟಿಂದ ಬಂತು ಅಂತ ಗೊತ್ತಾಗೋದು?”

ಮೂಲೆಯಲ್ಲಿ ನಿಂತಿದ್ದ ಮೇಸ್ತ್ರಿ ತಲೆ ಎತ್ತಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಕಟ್ಟೆಯ ಮೇಲೆ ಒಂದು ದೊಡ್ಡ ಡ್ರಮ್ಮು ಬಂದು ಕೂತಿತು, ಬುಡದಲ್ಲೊಂದು ನಲ್ಲಿ. ತಳದ ನೀರು ಅದರಲ್ಲಿ ನಿಂತು ತಿಳಿಯಾದ ಮೇಲೆ ಕೆಳಗಿನ ನೀರನ್ನು ಮರಳು ತುಂಬಿದ ತೊಟ್ಟಿಗೆ ಬಿಡುವುದು, ಮೇಲುಳಿದ ಎಣ್ಣೆಯನ್ನು ಕ್ಯಾನಿಗೆ ತುಂಬಿ ಹಳೇ ಎಣ್ಣೆ ಒಯ್ಯುವ ಲಾರಿಗೆ ಕೊಡುವುದು. ಮೇಸ್ತ್ರಿಯೇ ಮಾಡಿ ಇಟ್ಟುಹೋಗಿದ್ದ. ಊಟಕ್ಕೆ ಮಾತ್ರ ಬರಲಿಲ್ಲ. ಅವನ ತಟ್ಟೆಯನ್ನು ಅತ್ತಿಗೆ ದಿನವೂ ತೊಳೆದು ಕವುಚಿ ಇಡುತ್ತಿದ್ದಳು.

ಸೋಪು ನಿಂತ ಮೇಲೆ ಬಣ್ಣದ ಪೊರೆ ಆಗೊಮ್ಮೆ ಈಗೊಮ್ಮೆ ಮತ್ತೆ ಕಾಣಿಸಿತು. ಈಗ ಅದರ ಜಾಡು ಹಿಡಿದು ಹೋಗಲು ಕಣ್ಣಿದ್ದರೆ ಸಾಕಿತ್ತು. ಮೊದಲು ಸಿಕ್ಕಿಬಿದ್ದವನು ದೊಡ್ಡ ಬೋಟಿನ ಯಜಮಾನನೇ. ಅತ್ತಿಗೆ ಯಾರ ಹೆಸರನ್ನೂ ಎತ್ತದೆ ದಡದಲ್ಲಿ ಸುಮ್ಮನೆ ನಿಂತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ಅವನೇ ಹಳೇ ಬಟ್ಟೆ ಹಿಡಿದು ಇಳಿದು ಪೊರೆ ಒರೆಸತೊಡಗಿದ. ಆಮೇಲೆ ಉಳಿದವರಿಗೆ ಹೇಳಬೇಕಾಗಲಿಲ್ಲ.

ಫಸಲಿನ ದಿನ ಅತ್ತಿಗೆ ಸ್ಟವ್ವನ್ನು ಕಟ್ಟೆಯ ಮೇಲೇ ಹೊತ್ತಿಸಿದಳು. ಹೆಂಗಸರು ಹಗ್ಗ ಎಳೆದು ತಂದ ಚಿಪ್ಪನ್ನು ಎಲ್ಲರೆದುರು ಬೇಯಿಸಿದಳು. ಚೌಕಟ್ಟು ನಿಲ್ಲುತ್ತದೋ ಕಳಚುತ್ತದೋ ಅನ್ನುವುದು ಈ ಒಂದು ತುತ್ತಿನ ಮೇಲೆ ಎಂದು ಎಲ್ಲರಿಗೂ ಗೊತ್ತಿತ್ತು. ಅವಳು ಒಂದು ಬಾಯಿಗಿಟ್ಟು ನಿಧಾನವಾಗಿ ಅಗಿದಳು. ಮುಖದಲ್ಲಿ ಏನೂ ತೋರಗೊಡಲಿಲ್ಲ.

“ವಾಸನೆ ಇದೆ,” ಎಂದಳು. ಹೆಂಗಸರು ಹಗ್ಗದ ಕಡೆ ನೋಡಿದರು. “ಸಮುದ್ರದ್ದು.”

ಕಟ್ಟೆಯೆಲ್ಲ ನಗು. ಆ ಗದ್ದಲದಲ್ಲೇ ಅವಳು ಸೆರಗಿನಡಿಯಿಂದ ಒಂದು ತಟ್ಟೆ ತೆಗೆದು, ಚಿಪ್ಪು ತುಂಬಿ, ಡ್ರಮ್ಮಿನ ಮರೆಯಲ್ಲಿ ನಿಂತಿದ್ದ ಮೈದುನನ ಕೈಗಿತ್ತಳು. ಅವನದೇ ತಟ್ಟೆ ಅದು. ಅವನು ತಲೆ ತಗ್ಗಿಸಿಕೊಂಡು ತಿಂದ, ಒಂದೂ ಬಿಡದೆ ತಿಂದ.

ಆಮೇಲೆ ಮಾತಿಲ್ಲದೆ ಖಾಲಿ ತಟ್ಟೆಯನ್ನು ಅವಳ ಮುಂದೆ ಚಾಚಿದ.