ಅಚ್ಚಿನಲ್ಲಿ ಉಳಿದ ನಂಬರು
ನಮ್ಮ ಆಫೀಸಿನ ಅಚ್ಚಪ್ಪನ ಕೆಲಸ ವರ್ಚುವಲ್ ಮಷೀನು ಎಂಬ ಸಾಫ್ಟ್‌ವೇರ್ ಕಂಪ್ಯೂಟರುಗಳ ಇಮೇಜ್, ಅಂದರೆ ಅಚ್ಚು, ತಯಾರಿಸುವುದು. ಒಂದೇ ಅಚ್ಚಿನಿಂದ ಕ್ಲೌಡಿನಲ್ಲಿ ಬೇಕಾದಷ್ಟು ಮಷೀನುಗಳು ಏಳುತ್ತವೆ. ಕೆಟ್ಟದ್ದನ್ನು ರಿಪೇರಿ ಮಾಡುವುದು ಅವನ ಜಾಯಮಾನವೇ ಅಲ್ಲ. "ಅಳಿಸಿಬಿಡಿ, ಹೊಸದು ಎಬ್ಬಿಸಿ," ಎನ್ನುತ್ತಾನೆ. ಮುನಿಸಿಕೊಂಡ ನೆಂಟರ ವಿಷಯದಲ್ಲೂ ಅದೇ ಮಾತು. ಪರೀಕ್ಷೆಗೆಂದು ಹಾಕಿದ ಯಾರದಾದರೂ ಫೋನ್ ನಂಬರು ಅಚ್ಚಿನಲ್ಲಿ ಉಳಿದಿದ್ದರೆ ಸೂರು ಹಾರಿಹೋಗುವಂತೆ ಕೂಗಾಡುತ್ತಾನೆ. ನಿನ್ನೆ, ಅವನ ಮೇಲೆ ಮುನಿಸಿಕೊಂಡಿದ್ದ ಅವನ ಅಕ್ಕ ಆಫೀಸಿಗೇ ಬಂದರು. "ಮನೆ ಕಡೆ ತಲೆ ಹಾಕಲ್ಲ, ಆದ್ರೆ ದಿನಾ ಮೆಸೇಜ್ ಮಾತ್ರ ತಪ್ಪಿಸಲ್ಲ," ಎಂದು ಫೋನು ತೋರಿಸಿದರು: 'ಎದ್ದೆ, ಚೆನ್ನಾಗಿದ್ದೇನೆ.' ನಾವೆಲ್ಲ ದಂಗಾದೆವು. ಅದು ನಾವು ದಿನಾ ಎಬ್ಬಿಸುವ ಹೊಸ ಮಷೀನು ಎದ್ದೊಡನೆ ಅಚ್ಚಿನಲ್ಲಿರುವ ನಂಬರಿಗೆ ತಾನಾಗಿಯೇ ಕಳಿಸುವ ಸಾಲು. ಎಂದೋ ಪರೀಕ್ಷೆಗೆ ಹಾಕಿದ್ದ ಅಕ್ಕನ ನಂಬರನ್ನು ತೆಗೆಯಲು ಇವನೇ ಮರೆತಿದ್ದ. ಅಚ್ಚಪ್ಪನ ಮುಖ ಬಿಳಿಚಿಕೊಂಡಿತು. ಅಕ್ಕ ಅವನ ತಲೆ ಸವರಿದರು: "ಅದನ್ನ ಓದೀ ಓದೀನೇ ನನ್ನ ಸಿಟ್ಟು ಇಳೀತು ಕಣೋ."